ಒಂದು ಚೀಟಿ, ಒಂದು ಬೇಸಿಗೆ

(ಬೇಸಿಗೆ ರಜೆಯಲ್ಲಿ ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿದ್ದ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)



'ಬೇಸಿಗೆ ರಜೆಯ ಸದುಪಯೋಗ' ಎಂಬ ವಿಷಯದ ಬಗ್ಗೆ ಮಾತನಾಡಲು ನನಗೆ ಹೇಳಿದ್ದಾರೆ. ಕಂಪ್ಯೂಟರ್ ಕಲಿಯಿರಿ, ಇಂಗ್ಲಿಷ್ ಕಲಿಯಿರಿ, ಮೊಬೈಲ್ ಕೆಳಗಿಡಿ ಎಂದು ನನಗಿಂತ ಮೊದಲು ಮಾತನಾಡಿದವರು ಹೇಳಿದ್ದಾರೆ. ಆ ಮಾತುಗಳನ್ನು ನಾನು ಮತ್ತೆ ಹೇಳುವುದಿಲ್ಲ. ನನ್ನ ಬಾಲ್ಯದ ಒಂದು ಬೇಸಿಗೆಯ ಕಥೆ ಹೇಳುತ್ತೇನೆ. ಅದರಲ್ಲಿ ನನ್ನ ತಪ್ಪೊಂದಿದೆ. ಇಷ್ಟು ಜನರ ಮುಂದೆ ಅದನ್ನು ಹೇಳುತ್ತಿರುವುದು ಇದೇ ಮೊದಲು.

ನಮ್ಮ ಕುಟುಂಬ ಮೂರು ಊರುಗಳಲ್ಲಿ ಹಂಚಿಕೊಂಡಿತ್ತು. ನಮ್ಮ ಮನೆ ಬ್ಯಾಡಗಿಯಲ್ಲಿ, ಖಾಲಾ ಅವರ ಮನೆ ಹಾವೇರಿಯಲ್ಲಿ, ನಾನಿಯ ಮನೆ ರಾಣೆಬೆನ್ನೂರಿನಲ್ಲಿ. ಆಗ ಈ ಮೂರೂ ಊರು ಧಾರವಾಡ ಜಿಲ್ಲೆಯಲ್ಲಿದ್ದವು. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಹುಬ್ಬಳ್ಳಿ ಕಡೆಯಿಂದ ಬರುವ ರೈಲಿಗೆ ಮೊದಲು ಹಾವೇರಿ, ಆಮೇಲೆ ಬ್ಯಾಡಗಿ, ಆಮೇಲೆ ರಾಣೆಬೆನ್ನೂರು. ಒಂದೇ ದಾರದಲ್ಲಿ ಪೋಣಿಸಿದ ಹಾಗೆ. ಕಣ್ಣು ಮುಚ್ಚಿ ಕೂತರೂ ವಾಸನೆಯಿಂದಲೇ ಮನೆ ಯಾವುದೆಂದು ಹೇಳುತ್ತಿದ್ದೆ. ಖಾಲಾ ಅವರ ಓಣಿಯಲ್ಲಿ ಏಲಕ್ಕಿ. ಹಾವೇರಿಯಲ್ಲಿ ಏಲಕ್ಕಿ ಬೆಳೆಯುವುದಿಲ್ಲ, ಅದು ಮಲೆನಾಡಿನದು. ಆದರೆ ಅದನ್ನು ಹಾರವಾಗಿ ಪೋಣಿಸುವ ಕೈ ಹಾವೇರಿಯದು. ನಮ್ಮವರೇ ಆದ ಪಟವೇಗಾರ ಮನೆತನದವರು ತಲೆಮಾರುಗಳಿಂದ ಮಾಡಿಕೊಂಡು ಬಂದ ಕಸುಬು ಅದು. 2023ರ ಜನವರಿಯಲ್ಲಿ 86ನೆಯ ಕನ್ನಡ ಸಾಹಿತ್ಯ ಸಮ್ಮೇಳನ ಹಾವೇರಿಯಲ್ಲಿ ನಡೆದಾಗ ಎಲ್ಲರೂ 'ಏಲಕ್ಕಿ ಕಂಪಿನ ನಾಡು' ಎನ್ನುತ್ತಿದ್ದರೆ ನನಗೆ ನೆನಪಾದದ್ದು ಖಾಲಾ ಅವರ ಪಡಸಾಲೆ. ನಾನಿಯ ಮನೆಯಲ್ಲಿ ಹೊಸ ಮಣ್ಣಿನ ಹರವಿಯ ನೀರಿನ ವಾಸನೆ. ಊರ ಹೊರಗೆ ಕೃಷ್ಣಮೃಗಗಳ ಅಭಯಾರಣ್ಯ. ಮಾಮೂ ಜೊತೆ ಸೈಕಲ್ ಮೇಲೆ ಹೋಗಿ ದೂರದಿಂದ ನೋಡಿದ್ದೇ ನಮ್ಮ ಪ್ರವಾಸ.

ಇನ್ನು ನಮ್ಮ ಬ್ಯಾಡಗಿ. ನಮ್ಮೂರ ವಾಸನೆಯನ್ನು ವರ್ಣಿಸಬೇಕಾಗಿಲ್ಲ. ಬೀಗರು ಬಸ್ಸಿನಿಂದ ಇಳಿದರೆ ಸಲಾಮಿಗಿಂತ ಮೊದಲು ಸೀನುತ್ತಾರೆ! ನಮ್ಮ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಬಣ್ಣ ಹೆಚ್ಚು, ಖಾರ ಕಡಿಮೆ. ಸುಕ್ಕು ಸುಕ್ಕಾದ ಮೈ. ಡಬ್ಬಿ, ಕಡ್ಡಿ ಎಂದು ಎರಡು ಜಾತಿ. ಬೇರೆ ಊರಿನ ಮಕ್ಕಳಿಗೆ ಬೇಸಿಗೆ ಎಂದರೆ ಮಾವು, ನಮಗೆ ಮೆಣಸಿನಕಾಯಿ. ಅದರ ತೊಟ್ಟನ್ನು ನಮ್ಮಲ್ಲಿ ತುಂಬು ಎನ್ನುತ್ತೇವೆ. ತುಂಬು ಬಿಡಿಸುವುದು ಹೆಣ್ಣುಮಕ್ಕಳ ಕೆಲಸ. ಕೈ ಉರಿಯುತ್ತದೆ, ಆ ಕೈಯಿಂದ ಕಣ್ಣು ಮುಟ್ಟಿಕೊಂಡರೆ ಆ ದಿನ ಮುಗಿಯಿತು. ನಮ್ಮ ಅಮ್ಮಿಯೂ ಆ ಕೆಲಸ ಮಾಡುತ್ತಿದ್ದಳು. ನನ್ನ ಶಾಲೆಯ ಪಾಟಿಚೀಲ, ಅಂಗಿ, ಪುಸ್ತಕ ಎಲ್ಲವೂ ಆ ತುಂಬಿನಿಂದ ಬಂದವು.

ಎದುರು ಮನೆಯ ದೊಡ್ಡವ್ವ ಅಂಗಡಿಯಿಂದ ಚೀಲ ತರಿಸಿ ಓಣಿಯ ನಾಲ್ಕಾರು ಮನೆಗಳಿಗೆ ಹಂಚುತ್ತಿದ್ದರು. ಅವರ ಮಗ ನನ್ನ ಜೀವದ ಗೆಳೆಯ. ನಮ್ಮ ಮನೆಯಲ್ಲಿ ಉರ್ದು, ಕಟ್ಟೆ ಇಳಿದರೆ ಕನ್ನಡ. ಅವನಿಗೂ ಎರಡೂ ಬರುತ್ತಿದ್ದವು, ಬೈಗುಳ ಸಹಿತ. ರಾತ್ರಿ ಮಾಳಿಗೆಯ ಮೇಲೆ ನೀರು ಚಿಮುಕಿಸಿ, ಚಾಪೆ ಹಾಸಿ, ಎರಡೂ ಮನೆಯ ಹುಡುಗರು ಸಾಲಾಗಿ ಮಲಗುತ್ತಿದ್ದೆವು. ಸಂಜೆಗೆ ಒಗ್ಗರಣೆ ಮಂಡಕ್ಕಿ. ಬೇಸಿಗೆಯಲ್ಲೇ ವರ್ಷದ ಶ್ಯಾವಿಗೆ ಆಗಬೇಕು. ಅದು ಒಬ್ಬರಿಂದ ಆಗುವ ಕೆಲಸವಲ್ಲ: ಮಣೆಯ ಮೇಲೆ ಹೊಸೆಯಲು ಒಬ್ಬರು, ಎಳೆ ಹಿಡಿದು ಕೋಲಿಗೆ ಹಾಕಲು ಒಬ್ಬರು. ನಮ್ಮ ಈದ್‌ಗೆ, ಅವರ ಹಬ್ಬಕ್ಕೆ ಒಂದೇ ಹಿಟ್ಟು, ಒಂದೇ ಮಣೆ.

1983ರಲ್ಲಿ ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಬರೆದು ದೊಡ್ಡ ಪಂಡಿತನಾಗಿದ್ದೆ. ಅಮ್ಮಿಗೆ ಕುರ್‌ಆನ್ ಓದಲು ಬರುತ್ತಿತ್ತು, ಕನ್ನಡದ ಅಕ್ಷರ, ಅಂಕಿ ಬರುತ್ತಿರಲಿಲ್ಲ. ಬಿಡಿಸಿಕೊಟ್ಟ ಪ್ರತಿ ಬುಟ್ಟಿಗೆ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಗೆರೆ ಎಳೆಯುತ್ತಿದ್ದಳು. ವಾರದ ಕೊನೆಗೆ ದೊಡ್ಡವ್ವನ ಮನೆಯಿಂದ ಚೀಟಿ ಬರುತ್ತಿತ್ತು. ನನ್ನ ಶಾಲೆಯ ಖರ್ಚಿಗೆ ಮುಂಗಡ ತೆಗೆದುಕೊಂಡಿದ್ದರಿಂದ ಕೈಗೆ ಹಣ ಬರುತ್ತಿರಲಿಲ್ಲ. ಚೀಟಿಯ ಲೆಕ್ಕದ ಮೇಲೆಯೇ ಸಾಲ ತೀರಬೇಕು. ಒಂದು ದಿನ ಗೋಲಿಯಾಟಕ್ಕೆ ಓಡುವ ಅವಸರದಲ್ಲಿದ್ದೆ. ಅಮ್ಮಿ ಚೀಟಿ ಹಿಡಿದು "ಎಷ್ಟಿದೆ ನೋಡು ಬೇಟಾ" ಎಂದಳು. ನಿಂತಲ್ಲೇ ಕಣ್ಣು ಹಾಯಿಸಿ "೨೬" ಎಂದು ಹೇಳಿ ಹೊರಟೆ.

ಗೋಡೆಯ ಮೇಲೆ ಗೆರೆ ಇಪ್ಪತ್ತೊಂಬತ್ತು ಇದ್ದವು.

ಮೂರು ಬುಟ್ಟಿ ಎಂದರೆ ಇಂದು ನಿಮಗೆ ನಗು ಬರಬಹುದು. ಒಂದು ಬುಟ್ಟಿಗೆ ಅರ್ಧ ಮಧ್ಯಾಹ್ನ ಹೋಗುತ್ತಿತ್ತು. ಅಮ್ಮಿ ಜಗಳವಾಡುವ ಹೆಂಗಸಲ್ಲ. ಅರೆಬರೆ ಬಿಡಿಸಿದ ಚೀಲವನ್ನು ಎತ್ತಿ ಅವರ ಕಟ್ಟೆಯ ಮೇಲೆ ಇಟ್ಟು, "ಅಕ್ಕಾ, ಬಡವರ ಲೆಕ್ಕ ಗ್ವಾಡಿ ಮ್ಯಾಲೆ ಇರ್ತೈತಿ, ಅದು ಸುಳ್ಳು ಹೇಳೂದಿಲ್ಲ" ಎಂದು ಹೇಳಿ ಬಂದಳು. ದೊಡ್ಡವ್ವನಿಗೆ ಏನೂ ಅರ್ಥವಾಗಲಿಲ್ಲ. ಅವರಿಗೂ ಸ್ವಾಭಿಮಾನ, ಕೇಳಲು ಬರಲಿಲ್ಲ. ಅಂದಿನಿಂದ ಎರಡೂ ಮನೆಯ ಬಾಗಿಲು ಒಂದನ್ನೊಂದು ನೋಡುತ್ತ ಸುಮ್ಮನೆ ಕೂತವು. ಮಾಳಿಗೆಯ ಮೇಲೆ ನಾನೊಬ್ಬನೇ. ಶ್ಯಾವಿಗೆಯ ಮಣೆ ಅವರ ಮನೆಯಲ್ಲಿ ಉಳಿಯಿತು, ನೆನೆಸಿದ ಹಿಟ್ಟು ನಮ್ಮ ಮನೆಯಲ್ಲಿ ಹುಳಿಯಾಯಿತು. ಗೆಳೆಯ ಎದುರು ಕಟ್ಟೆಯ ಮೇಲೆ ಮಾವಿನಕಾಯಿ ಹೋಳು ಮಾಡಿ ಉಪ್ಪುಖಾರ ಹಚ್ಚಿ ತಿನ್ನುತ್ತಿದ್ದ. ಅರ್ಧ ತಿಂದು, ಅರ್ಧ ಅಲ್ಲೇ ಬಿಟ್ಟು ಒಳಗೆ ಹೋಗುತ್ತಿದ್ದ. ಎದ್ದು ಹೋಗಿ ತೆಗೆದುಕೊಳ್ಳುವ ಧೈರ್ಯ ನನಗಿರಲಿಲ್ಲ.

ಮೂರನೆಯ ದಿನ ಅಮ್ಮಿ, "ನನಗೆ ಅಂಕಿ ಕಲಿಸು, ಇನ್ನು ಮೇಲೆ ಯಾರೂ ನನಗೆ ಮೋಸ ಮಾಡಬಾರದು" ಎಂದಳು. ನನಗೆ ಹೆಮ್ಮೆಯೋ ಹೆಮ್ಮೆ. ಮಧ್ಯಾಹ್ನ ಊರೆಲ್ಲ ಮಲಗಿದಾಗ ಪಡಸಾಲೆಯ ಕಲ್ಲಿನ ಮೇಲೆ ಇದ್ದಿಲಿನಿಂದ ಬರೆದು ತೋರಿಸುತ್ತಿದ್ದೆ. ಅವಳು ಮೂಲೆಯಲ್ಲಿ ಬಿದ್ದಿದ್ದ ಒಣ ತುಂಬುಗಳನ್ನು ಆರಿಸಿ, ಅದರ ಮೇಲೆ ಜೋಡಿಸಿ ಕಲಿಯುತ್ತಿದ್ದಳು. ಸೊಟ್ಟ ತುಂಬು ಹೇಳಿ ಮಾಡಿಸಿದ ಹಾಗೆ ಅಂಕಿಯ ಬಾಲವಾಗುತ್ತಿತ್ತು. ೬ ಮತ್ತು ೯ ಬಂದಾಗ ಅವಳು ತಡವರಿಸಿದಳು. "ಬಾಲ ಎತ್ತ ತಿರುಗಿದೆ ನೋಡಬೇಕಮ್ಮಿ, ಅವಸರ ಮಾಡಬಾರದು" ಎಂದು ನಾನೇ ಉಪದೇಶ ಮಾಡಿದೆ. ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ.

ಹತ್ತು ಹನ್ನೆರಡು ದಿನವಾಗಿರಬೇಕು. ಅಮ್ಮಿ ಟ್ರಂಕಿನಿಂದ ಆ ಚೀಟಿ ತೆಗೆದು ಬಾಗಿಲ ಬೆಳಕಿಗೆ ಹಿಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಮುಂದೆ ಹಿಡಿದು, "ಇದು ಆರೋ, ಒಂಬತ್ತೋ?" ಎಂದಳು.

ಒಂಬತ್ತು.

ಹೊಡೆದಿದ್ದರೆ ಹಗುರವಾಗುತ್ತಿತ್ತು. ಹೊಡೆಯಲಿಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡು, ನನ್ನ ಕೈ ಹಿಡಿದು ಎದುರು ಮನೆಗೆ ನಡೆದಳು. ನನ್ನ ಹೆಸರು ಹೇಳುತ್ತಾಳೆ ಎಂದು ನಡುಗುತ್ತಿದ್ದೆ. "ಅಕ್ಕಾ, ತಪ್ಪು ನಂದು. ನನಗ ಓದಾಕ ಬರ್ತಿರಲಿಲ್ಲ" ಎಂದಳು. ಅಷ್ಟೇ. ನಾನೇ ಅಳುತ್ತ ಉಳಿದದ್ದನ್ನು ಹೇಳಿದೆ.

ದೊಡ್ಡವ್ವ ಚೀಟಿಯನ್ನು ತಿರುಗಾ ಮುರುಗಾ ಹಿಡಿದು ನೋಡಿದರು. "ಇದು ನಾ ಬರದದ್ದಲ್ಲವ್ವ, ನಮ್ಮ ಮೈದುನ ಬರದು ಕೊಡ್ತಾನ. ನನಗರ ಎಲ್ಲಿ ಬರ್ತೈತಿ?" ಎಂದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗಲು ಶುರು ಮಾಡಿದರು. ಎಷ್ಟು ನಕ್ಕರೆಂದರೆ ದೊಡ್ಡವ್ವ ಕಣ್ಣೀರು ಒರೆಸಿಕೊಳ್ಳಲು ಹೋಗಿ ಖಾರದ ಕೈಯನ್ನು ಕಣ್ಣಿಗೆ ಹಚ್ಚಿಕೊಂಡು, ಅಮ್ಮಿ ಓಡಿ ಹೋಗಿ ನೀರು ತರಬೇಕಾಯಿತು.

ಮರುದಿನದಿಂದ ನನ್ನ ಶಾಲೆಯಲ್ಲಿ ವಿದ್ಯಾರ್ಥಿಗಳು ಇಬ್ಬರಾದರು. ಬೆಳಿಗ್ಗೆ ಶ್ಯಾವಿಗೆ, ಮಧ್ಯಾಹ್ನ ಅಂಕಿ. ಕೋಲು ಹಿಡಿದು ಎಳೆ ಒಣ ಹಾಕುವ ಕೆಲಸ ನನಗೂ ಗೆಳೆಯನಿಗೂ. ಅವನು ಎರಡು ದಿನ ನನ್ನೊಂದಿಗೆ ಮಾತನಾಡಲಿಲ್ಲ. ಮೂರನೆಯ ದಿನ ಒಂದು ಹೋಳು ಮಾವಿನಕಾಯಿ ಕೊಟ್ಟ. ಬರೀ ಉಪ್ಪು ಹಚ್ಚಿತ್ತು. "ಖಾರ ಎಲ್ಲೋ?" ಎಂದೆ.

"ಮೊದಲ ಲೆಕ್ಕ ಸರಿ ಓದಾಕ ಕಲಿ, ಆಮ್ಯಾಲೆ ಖಾರ" ಎಂದ.