‘ಯಾರ ಪಾಪ?’ ಎಂದು ಕೇಳದ ಧರ್ಮ



ಕೋವಿಡ್‌ನಂಥ ಜಗತ್ತನ್ನೇ ಆವರಿಸಿದ ಕಾಯಿಲೆಯಲ್ಲಿ ಕ್ರೈಸ್ತ ನಂಬಿಕೆ ಯಾವ ಅರ್ಥ ಕಾಣುತ್ತದೆ? ಇದು ಈ ಸಂಜೆ ನನಗೆ ಕೊಟ್ಟ ವಿಷಯ. ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಕಾಯಿಲೆ ಏಕೆ ಬಂತು ಎಂಬುದಕ್ಕೆ ಶುಭಸಂದೇಶದಲ್ಲಿ ಸಿದ್ಧ ಉತ್ತರವಿಲ್ಲ. ಬಂದಾಗ ಯಾರ ಪಕ್ಕ ನಿಲ್ಲಬೇಕು ಎಂಬುದರಲ್ಲಿ ಮಾತ್ರ ಅದಕ್ಕೆ ಗೊಂದಲವಿಲ್ಲ.

2020ರ ಮಾರ್ಚ್ 25ರಂದು ದೇಶ ಬಾಗಿಲು ಹಾಕಿತು. ನಮ್ಮ ಕಾಫಿ ತೋಟಗಳಿಗೆ ಅದು ಹೂಮಳೆಯ ಕಾಲ, ಕ್ರೈಸ್ತರಿಗೆ ತಪಸ್ಸಿನ ಕಾಲ. ಏಪ್ರಿಲ್ 5ರ ಗರಿಗಳ ಭಾನುವಾರ, 10ರ ಶುಭ ಶುಕ್ರವಾರ, 12ರ ಈಸ್ಟರ್, ಮೂರೂ ಜನರಿಲ್ಲದ ಚರ್ಚುಗಳಲ್ಲೇ ಕಳೆದವು. ಚಿಕ್ಕಮಗಳೂರು ಧರ್ಮಪ್ರಾಂತ್ಯ ಹುಟ್ಟಿದ್ದು 1963ರಲ್ಲಿ. ಅಂದಿನಿಂದ ಇಂಥ ಈಸ್ಟರ್ ಬಂದಿರಲಿಲ್ಲ. ಪರಮಪ್ರಸಾದವಿಲ್ಲ, ಮೆರವಣಿಗೆಯಿಲ್ಲ, ಶಿಲುಬೆಗೆ ಮುತ್ತಿಡುವಂತಿಲ್ಲ.

ಆಗ ಎಲ್ಲೆಲ್ಲೂ ಕೇಳಿಸಿದ ಪ್ರಶ್ನೆ ಒಂದೇ: ಇದನ್ನು ತಂದವರು ಯಾರು? ಮೇ ಮೊದಲ ದಿನ ನಮ್ಮ ಚಿಕ್ಕಮಗಳೂರು ಜಿಲ್ಲೆ ಸೋಂಕಿಲ್ಲದ ಹಸಿರು ವಲಯದ ಪಟ್ಟಿಯಲ್ಲಿತ್ತು. ಹಾಗಾಗಿ ಹೊರಗಿನಿಂದ ಬಂದವರೆಲ್ಲ ಅನುಮಾನಕ್ಕೆ ಗುರಿಯಾದರು. ಬೆಂಗಳೂರು, ಮುಂಬೈಗಳಿಂದ ಊರಿಗೆ ಮರಳಿದ ಮಕ್ಕಳನ್ನೇ ಜನ ಬಾಗಿಲ ಮರೆಯಿಂದ ನೋಡಿದರು. ಕೆಲವು ಪ್ರವಚನಕಾರರು ದೇವರ ಶಿಕ್ಷೆ ಎಂದರು. ಆದರೆ ಶಿಕ್ಷೆ ಆಗಬೇಕಾದವರ ಪಟ್ಟಿಯಲ್ಲಿ ತಮ್ಮ ಹೆಸರನ್ನು ಸೇರಿಸಲಿಲ್ಲ.

ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಶಿಷ್ಯರೂ ಇದನ್ನೇ ಕೇಳುತ್ತಾರೆ. ಹುಟ್ಟುಕುರುಡನನ್ನು ತೋರಿಸಿ, ಪಾಪ ಇವನದೋ, ಇವನ ಹೆತ್ತವರದೋ ಎನ್ನುತ್ತಾರೆ. ಯೇಸು ಎರಡನ್ನೂ ತಳ್ಳಿಹಾಕಿ, ಹಗಲಿರುವಾಗಲೇ ಕೆಲಸ ಮಾಡಬೇಕು ಎಂದು ಅವನ ಕಣ್ಣಿಗೆ ಹಚ್ಚಲು ಮಣ್ಣು ಕಲಸತೊಡಗುತ್ತಾನೆ. 2020ರ ಮಾರ್ಚ್ 27ರಂದು ಪೋಪ್ ಫ್ರಾನ್ಸಿಸ್ ಮಳೆಯಲ್ಲಿ, ಬರಿದಾದ ಸಂತ ಪೇತ್ರರ ಚೌಕದಲ್ಲಿ ಹೇಳಿದ್ದೂ ಇದೇ ದಾರಿಯ ಮಾತು: ಇದು ದೇವರು ತೀರ್ಪು ಕೊಡುವ ಹೊತ್ತಲ್ಲ, ಯಾವುದು ಮುಖ್ಯ ಎಂದು ನಾವು ತೀರ್ಮಾನಿಸಿಕೊಳ್ಳುವ ಹೊತ್ತು.

ಇಲ್ಲೊಂದು ತೊಡಕಿದೆ. ಯೇಸು ಕುಷ್ಠರೋಗಿಯನ್ನು ಮುಟ್ಟಿ ಗುಣಪಡಿಸಿದವನು. ಕೋವಿಡ್ ಕಾಲದಲ್ಲಿ ಮುಟ್ಟದಿರುವುದೇ ಕರ್ತವ್ಯವಾಯಿತು. ಹಾಗಾದರೆ ನಂಬಿಕೆ ಸೋತಿತೇ? 1527ರಲ್ಲಿ ವಿಟೆನ್‌ಬರ್ಗ್‌ಗೆ ಪ್ಲೇಗ್ ಬಂದಾಗ ಧರ್ಮಸುಧಾರಕ ಮಾರ್ಟಿನ್ ಲೂಥರ್ ಊರು ಬಿಡಲಿಲ್ಲ. ಹೊಣೆ ಹೊತ್ತ ಪಾದ್ರಿ, ಅಧಿಕಾರಿಗಳು ಓಡಿಹೋಗಬಾರದು ಎಂದು ಬರೆದರು. ಅದೇ ಪತ್ರದಲ್ಲಿ ಔಷಧಿ ತೆಗೆದುಕೊಳ್ಳಿ, ಮನೆಗೆ ಹೊಗೆ ಹಾಕಿ, ಅಗತ್ಯವಿಲ್ಲದ ಕಡೆ ಹೋಗಿ ರೋಗ ಹಬ್ಬಿಸಬೇಡಿ ಎಂದೂ ಹೇಳಿದರು. ದೂರ ನಿಲ್ಲುವುದೂ ಹತ್ತಿರ ಹೋಗುವುದೂ ನೆರೆಯವನ ಜೀವಕ್ಕಾಗಿಯೇ ಆದರೆ ಎರಡೂ ಪ್ರೀತಿಯೇ. ಭಯದಿಂದ ದೂರ ನಿಂತು ಅದಕ್ಕೆ ನಿಯಮದ ಹೆಸರು ಕೊಡುವುದು ಬೇರೆ.

ನಮಗೆ ಹತ್ತಿರದ ಉದಾಹರಣೆ ಚಾರ್ಮಾಡಿ ಘಾಟಿಯ ಕೆಳಗಿದೆ. ಮೂಡಿಗೆರೆಯವರು ದೊಡ್ಡ ಕಾಯಿಲೆಯಾದರೆ ಇಂದಿಗೂ ಮಂಗಳೂರಿಗೆ ಇಳಿಯುತ್ತಾರೆ. ಅಲ್ಲಿನ ಕಂಕನಾಡಿಯಲ್ಲಿ ಜರ್ಮನಿಯ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಹೋಮಿಯೋಪಥಿ ಔಷಧಿ ಕೊಡಲು ಆರಂಭಿಸಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು, 1902ರಲ್ಲಿ ಪ್ಲೇಗ್ ರೋಗಿಗಳಿಗೆ ಆಸ್ಪತ್ರೆ ತೆರೆದರು. ಪ್ಲೇಗ್‌ನ ಅರ್ಥವೇನೆಂದು ಅವರು ವಿವರಿಸುತ್ತ ಕೂರಲಿಲ್ಲ, ಹಾಸಿಗೆ ಹಾಕಿಸಿದರು. ಕ್ರೈಸ್ತ ಅರ್ಥವೆಂಬುದು ಆ ಹಾಸಿಗೆಯಲ್ಲೇ ಇದೆ ಎಂದು ನನ್ನ ನಂಬಿಕೆ.

ಇನ್ನು ನಮ್ಮ ತೋಟಗಳ ಮಾತು. 2020ರ ಏಪ್ರಿಲ್ 20ರಿಂದ ಅರ್ಧದಷ್ಟು ಕೆಲಸಗಾರರೊಂದಿಗೆ ಕಾಫಿ ತೋಟ ನಡೆಸಲು ಕೇಂದ್ರ ಸರ್ಕಾರ ಅನುಮತಿಸಿತು. ಉಳಿದ ಅರ್ಧ ಜನರ ಕೂಲಿ ಏನಾಯಿತು? ಒಂದೇ ಕೋಣೆಯಲ್ಲಿ ಇಡೀ ಸಂಸಾರ ಮಲಗುವ ಲೈನ್ ಮನೆಯಲ್ಲಿ ಆರಡಿ ಅಂತರ ಎಲ್ಲಿಂದ ಬರಬೇಕು? ಬಂಗಲೆಯಲ್ಲಿ ಕುಳಿತು ಮೊಬೈಲಿನಲ್ಲಿ ಬಲಿಪೂಜೆ ನೋಡಿದವರು, ನಾನೂ ಸೇರಿದಂತೆ, ಉತ್ತರಿಸಬೇಕಾದ ಪ್ರಶ್ನೆಗಳಿವು. ಯೇಸು ಹೇಳಿದ ಕಥೆಯಲ್ಲಿ, ಗಾಯಗೊಂಡವನನ್ನು ಛತ್ರಕ್ಕೆ ಸೇರಿಸಿದ ಸಮಾರಿಯದವನು ಪ್ರಾರ್ಥನೆ ಹೇಳಿದನೆಂದು ಲೂಕನು ಬರೆದಿಲ್ಲ. ಎರಡು ನಾಣ್ಯ ಕೊಟ್ಟ, ಹೆಚ್ಚು ಖರ್ಚಾದರೆ ಮರಳಿ ಬಂದು ಕೊಡುತ್ತೇನೆ ಎಂದ ಎಂದು ಬರೆದಿದ್ದಾನೆ.

ಕೋವಿಡ್ ಮುಗಿಯಿತೆಂದು ನಾವು ಮರೆಯುವ ಹಾಗಿಲ್ಲ. ಮಂಗನ ಕಾಯಿಲೆ ಬೇಸಿಗೆ ಬಂದಾಗಲೆಲ್ಲ ನಮ್ಮ ಮಲೆನಾಡನ್ನು ಕಾಡುತ್ತಿದೆ. ಆದ್ದರಿಂದ ಚರ್ಚಿನವರಲ್ಲೂ, ದೇವಸ್ಥಾನ, ಮಸೀದಿಗಳವರಲ್ಲೂ, ತೋಟದ ಮಾಲೀಕರಲ್ಲೂ ನನ್ನದೊಂದು ಕೋರಿಕೆ. ನಿಮ್ಮ ಸುತ್ತಲಿನ ಲೈನ್ ಮನೆಗಳಲ್ಲಿ ಒಂಟಿ ವೃದ್ಧರು ಯಾರು, ದಿನವೂ ಮಾತ್ರೆ ಬೇಕಾದವರು ಯಾರು, ರಾತ್ರಿ ಆಸ್ಪತ್ರೆಗೆ ಹೋಗಲು ಯಾರ ಜೀಪು ಸಿಗುತ್ತದೆ ಎಂಬುದನ್ನು ಈಗಲೇ ಬರೆದಿಡಿ. ಮುಂದಿನ ರೋಗ ಬಂದ ಮೇಲೆ ಬರೆಯಲು ಪುರುಸೊತ್ತು ಇರುವುದಿಲ್ಲ.