ತಿಳಿಯಾದ ನೀರು ಮತ್ತು ಕುಡಿಯುವ ನೀರು
(ಶ್ರೀಮಠದ ಮಾಸಿಕ ಅನುಭಾವ ಗೋಷ್ಠಿಯಲ್ಲಿ ಆಡಿದ ಮಾತು)



ನಾನು ಭಾಷಣಕಾರನಲ್ಲ, ಸರಕಾರಿ ನೌಕರಿಯಲ್ಲಿ ಊರುಗಳಿಗೆ ನೀರು ಕೊಟ್ಟವನು. ನಿವೃತ್ತನಾದ ಮೇಲೆ ಪ್ರಸಾದ ನಿಲಯದ ಒಂಬತ್ತನೆಯ ತರಗತಿ ಮಕ್ಕಳಿಗೆ ಭಾನುವಾರ ಪಾಠ ಹೇಳುತ್ತೇನೆ. ಹೋದ ತಿಂಗಳು ಹೇಳಿದ್ದು ಹೊಳೆಯ ನೀರಿನ ಪಾಠ.

ಮಲಪ್ರಭೆಯ ಕೆನ್ನೀರನ್ನು ಐದು ಗಾಜಿನ ಭರಣಿಗಳಿಗೆ ತುಂಬಿದೆವು. ಒಂದನ್ನು ಹಾಗೇ ಬಿಟ್ಟು, ಉಳಿದವಕ್ಕೆ ಲೀಟರಿಗೆ 20, 40, 60, 80 ಮಿಲಿಗ್ರಾಂ ಪಟಿಕ. ಒಂದು ನಿಮಿಷ ಜೋರಾಗಿ ಕಲಕಿ, ಆಮೇಲೆ ಹದಿನೈದು ನಿಮಿಷ ಮೆಲ್ಲಗೆ ತಿರುವಬೇಕು. ಮಣ್ಣಿನ ಕಣಗಳೆಲ್ಲ ಒಂದೇ ಬಗೆಯ ವಿದ್ಯುದಂಶ ಹೊತ್ತಿರುತ್ತವೆ. ಒಂದನ್ನೊಂದು ದೂಡುತ್ತ ದಿನಗಟ್ಟಲೆ ತೇಲುತ್ತವೆ. ಪಟಿಕ ಆ ದೂಡಾಟ ನಿಲ್ಲಿಸಿದಾಗ ಕೂಡಿ ಗಂಟಾಗಿ ತಳ ಸೇರುತ್ತವೆ. ಒಬ್ಬ ಹುಡುಗ ಬೇಸರಪಟ್ಟು ಗರಗರ ತಿರುವಿದ, ಕಟ್ಟಿದ ಗಂಟೆಲ್ಲ ಒಡೆದವು. ಮೆಲ್ಲಗೆ ಏಕೆಂದು ನಾನು ವಿವರಿಸುವ ಕೆಲಸ ಉಳಿಯಿತು.

ಅರ್ಧ ಗಂಟೆಗೆ 60ರ ಭರಣಿ ಎಲ್ಲಕ್ಕಿಂತ ತಿಳಿಯಾಗಿತ್ತು. ಹೆಚ್ಚು ಹಾಕಿದ್ದರಿಂದ ಹೆಚ್ಚು ಲಾಭವಾಗಲಿಲ್ಲ. ಅದನ್ನು ತೊಳೆದ ಮರಳಿನ ಮೂಲಕ ಸೋಸಿದಾಗ ಒಬ್ಬ ಹುಡುಗಿ ಲೋಟ ಎತ್ತಿ, "ಈಗ ಕುಡೀಬಹುದಲ್ರೀ ಸರ್, ತಿಳೀ ಆಗೇದ?" ಅಂದಳು.

ಅದೇ ಮಾತನ್ನು ನಾನು ಹಿಂದೊಮ್ಮೆ ಕೇಳಿದ್ದೆ. ನಾನು ನೋಡಿಕೊಳ್ಳುತ್ತಿದ್ದ ಒಂದು ಊರಲ್ಲಿ ನಳದ ನೀರಿಗೆ ಔಷಧದ ವಾಸನೆ ಎಂದು ದೂರು ಬಂತು. ದೊಡ್ಡವರು ಹೇಳಿದರು, ನಾನು ಕ್ಲೋರಿನ್ ಇಳಿಸಿದೆ. ಒತ್ತಾಯ ಅವರದು, ಸಹಿ ನನ್ನದು. ಕೊನೆಯ ಓಣಿಯಲ್ಲಿ ಪೈಪು ಗಟಾರದ ಪಕ್ಕ ಸೋರುತ್ತಿತ್ತು. ನೀರು ಬಿಡದ ಹೊತ್ತಿನಲ್ಲಿ ಒಳಗೆ ಒತ್ತಡವಿರದೆ ಹೊಲಸು ಒಳಸೇರಿತು. ವಾರದಲ್ಲಿ ಆಸ್ಪತ್ರೆಯ ನೆಲದ ಮೇಲೂ ವಾಂತಿಭೇದಿಯ ಮಕ್ಕಳು. "ನೀರು ತಿಳೀನ ಇತ್ತಲ್ರೀ ಸಾಹೇಬ್ರ" ಎಂದು ಒಬ್ಬ ತಾಯಿ ಕೇಳಿದಳು. ಉತ್ತರ ಕೊಡಲಿಲ್ಲ.

ಮಕ್ಕಳಿಗೆ ಇದನ್ನೂ ಹೇಳಿದೆ. ಇದೆಲ್ಲ ಯಾಕೆ ಬೇಕಿತ್ತು ಎಂದು ನಿಲಯದ ಹಿರಿಯರೊಬ್ಬರಿಗೆ ಅನಿಸಿತು. ಬೇಕಿತ್ತೆಂದೇ ನನ್ನ ಅಭಿಪ್ರಾಯ.

ಕ್ಲೋರಿನ್ ಬೆರೆಸಿ ಅರ್ಧ ಗಂಟೆ ಬಿಡಬೇಕು. ಕೆಸರು ನೀರಿಗೆ ಹಾಕಿದರೆ ಅದು ಕೆಸರಿಗೇ ಖರ್ಚಾಗುತ್ತದೆ, ರೋಗಾಣು ಮಣ್ಣಿನ ಮರೆಯಲ್ಲಿ ಉಳಿಯುತ್ತದೆ. ಅದಕ್ಕೇ ಮೊದಲು ತಿಳಿಗೊಳಿಸುವುದು. ತನ್ನ ಕೆಲಸ ಮುಗಿಸಿಯೂ ಕೊನೆಯ ನಳದಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಆ ಸಣ್ಣ ವಾಸನೆ ದಾರಿಯ ಕಾವಲು. ಪರೀಕ್ಷೆಯ ದ್ರಾವಣ ಹನಿಸಿದರೆ ಹಳದಿ ಬಣ್ಣ ಬರುತ್ತದೆ.

ನಿಲಯದ ತೊಟ್ಟಿಯ ನೀರಿಗೆ ಮಕ್ಕಳು ಹನಿಸಿದರು. ಬಣ್ಣವೇ ಬರಲಿಲ್ಲ. ಮೇಲೆ ಹತ್ತಿ ನೋಡಿದರೆ ಮುಚ್ಚಳ ಒಡೆದಿತ್ತು, ತಳದಲ್ಲಿ ಗೇಣುದ್ದ ರಾಡಿ. ಅಂದೇ ತೊಳೆದು ಬ್ಲೀಚಿಂಗ್ ಪುಡಿಯ ತಿಳಿ ಹಾಕಿದೆವು. ಈಗ ದಿನಾ ಬೆಳಿಗ್ಗೆ ಇಬ್ಬರು ನೋಡಿ ವಹಿಯಲ್ಲಿ ಬರೆಯುತ್ತಾರೆ.

ಪೂಜ್ಯರಲ್ಲಿ ಒಂದು ಬಿನ್ನಹ. ಬರುವ ಜಾತ್ರೆಯಲ್ಲಿ ದಾಸೋಹಕ್ಕೆ ಬರುವ ಪ್ರತಿಯೊಂದು ಟ್ಯಾಂಕರನ್ನೂ ಈ ಮಕ್ಕಳು ಪರೀಕ್ಷಿಸಲಿ. ಬಣ್ಣ ಬರದಿದ್ದರೆ, ಕಳಿಸಿದ ಭಕ್ತರು ಎಷ್ಟೇ ದೊಡ್ಡವರಿರಲಿ, ಆ ನೀರು ಹಂಡೆಗೆ ಇಳಿಯಬಾರದು.