ಹಣ್ಣಿನೊಳಗಿನ ಕಾವಲು

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನೂ ನನ್ನ ತಂಗಿಯೂ ಓದಿದ್ದು ಇದೇ ಶಾಲೆಯಲ್ಲಿ. ನಮ್ಮಪ್ಪ ದೇವರಾಜ ಮಾರುಕಟ್ಟೆಯಲ್ಲಿ ಬಾಳೆಹಣ್ಣು ಮಾರುತ್ತಿದ್ದರು. ನಮ್ಮ ಪುಸ್ತಕ, ಸಮವಸ್ತ್ರಕ್ಕೆಲ್ಲ ನಂಜನಗೂಡು ರಸಬಾಳೆಯ ದುಡ್ಡೇ ಆಧಾರ. ವಿಜ್ಞಾನದ ವಿಷಯವೊಂದನ್ನು ಮಾತಾಡಿ ಎಂದು ಸಮಿತಿಯವರು ಕೇಳಿದಾಗ ಬಾಳೆಹಣ್ಣಿನ ಬಗ್ಗೆಯೇ ಮಾತಾಡುತ್ತೇನೆ ಎಂದೆ. ಅದರಲ್ಲಿ ನನ್ನದೊಂದು ತಪ್ಪೂ ಸೇರಿದೆ.

ಎಂಟನೆಯ ತರಗತಿಯಲ್ಲಿ ವಿಜ್ಞಾನದ ಮೇಷ್ಟ್ರು ನಮ್ಮನ್ನು ಸಿ.ಎಫ್.ಟಿ.ಆರ್.ಐ.ಗೆ ಕರೆದುಕೊಂಡು ಹೋಗಿದ್ದರು. ಚೆಲುವಾಂಬ ಅರಮನೆಯಲ್ಲಿ 1950ರಲ್ಲಿ ಶುರುವಾದ ಆ ಸಂಸ್ಥೆ ನಮ್ಮೂರಿನ ಹೆಮ್ಮೆ. ಅಲ್ಲಿ ಕೇಳಿದ ಒಂದು ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು: ಕೊಯ್ದ ಹಣ್ಣಿಗೂ ಜೀವ ಇರುತ್ತದೆ, ಅದು ಉಸಿರಾಡುತ್ತದೆ. ನಾನು ಮುಂದೆ ಜೀವಶಾಸ್ತ್ರದ ಮೇಷ್ಟ್ರಾದದ್ದು ಆ ಮಾತಿನಿಂದಲೇ ಇರಬೇಕು.

ಕಾಯಿ ಹಸಿರಾಗಿರುವಾಗ ಅದಕ್ಕೆ ಗಟ್ಟಿ ಸಿಪ್ಪೆಯಿದೆ, ಸೊನೆಯಿದೆ, ಬಾಯಿ ಒಗರಾಗಿಸುವ ಟ್ಯಾನಿನ್ ಇದೆ. ಯಾರೂ ಹತ್ತಿರ ಬರುವುದಿಲ್ಲ. ಎಥಿಲೀನ್ ಎಂಬ ಅನಿಲ ಹುಟ್ಟಿತೋ, ಎಲ್ಲ ಸಡಿಲವಾಗುತ್ತದೆ. ತಿರುಳಿನಲ್ಲಿ ನೂರಕ್ಕೆ ಸುಮಾರು 20ರಷ್ಟಿದ್ದ ಪಿಷ್ಟ ಸಕ್ಕರೆಯಾಗುತ್ತಾ ಒಂದೆರಡಕ್ಕೆ ಇಳಿಯುತ್ತದೆ. ಜೀವಕೋಶಗಳ ಗೋಡೆ ಮೆತ್ತಗಾಗುತ್ತದೆ, ಘಮ ಬರುತ್ತದೆ. ಹಕ್ಕಿಯೋ ಕೋತಿಯೋ ಬಂದು ತಿಂದು ಬೀಜ ಚೆಲ್ಲಲಿ ಎಂಬ ಏರ್ಪಾಡು ಅದು. ನಾವು ತಿನ್ನುವ ಬಾಳೆಗೆ ಈಗ ಬೀಜವೇ ಇಲ್ಲ, ಆದರೂ ಹಳೆಯ ಅಭ್ಯಾಸ ಬಿಟ್ಟಿಲ್ಲ.

ಕೋತಿಗೆ ಬಾಗಿಲು ತೆರೆದರೆ ಬೂಷ್ಟಿಗೂ ತೆರೆದಂತೆ. ಚಿಬ್ಬು ರೋಗದ ಶಿಲೀಂಧ್ರ ಕಾಯಿಯ ಸಿಪ್ಪೆಯಲ್ಲಿ ಮೊದಲೇ ಬಂದು ಕೂತು, ಹಣ್ಣಾಗುವುದನ್ನೇ ಕಾಯುತ್ತಿರುತ್ತದೆ. ಆಗ ಹಣ್ಣು ಏನು ಮಾಡುತ್ತದೆ? ಒಳಗೆ ಕೆಲವು ಪ್ರೋಟೀನುಗಳನ್ನು ಕಾವಲಿಗೆ ನಿಲ್ಲಿಸುತ್ತದೆ. ಶಿಲೀಂಧ್ರದ ಕೋಶದ ಗೋಡೆ ಕೈಟಿನ್, ಗ್ಲೂಕನ್ ಎಂಬ ವಸ್ತುಗಳಿಂದ ಕಟ್ಟಿದ್ದು. ಕೈಟಿನೇಸ್ ಎಂಬ ಪ್ರೋಟೀನು ಕೈಟಿನನ್ನು ಕತ್ತರಿಸುತ್ತದೆ, ಗ್ಲೂಕನೇಸ್ ಗ್ಲೂಕನನ್ನು. ಮೂರನೆಯದು ಥಾಮಟಿನ್‌ನಂಥ ಪ್ರೋಟೀನು. ಪಶ್ಚಿಮ ಆಫ್ರಿಕಾದ ಒಂದು ಹಣ್ಣಿನ ಅತಿ ಸಿಹಿಯಾದ ಥಾಮಟಿನ್‌ಗೆ ಇದು ನೆಂಟ, ಅದಕ್ಕೇ ಆ ಹೆಸರು. ಮಾಗಿದ ಬಾಳೆಯಲ್ಲಿ, ಚೆರ್ರಿಯಲ್ಲಿ ಇದು ಧಾರಾಳವಾಗಿದೆ. ದ್ರಾಕ್ಷಿ ಬಣ್ಣ ತಿರುಗುವ ಹೊತ್ತಿಗೆ ಇದೂ ಕೈಟಿನೇಸೂ ಸೇರಿಕೊಂಡು ಹೆಚ್ಚುತ್ತಾ ಹೋಗುತ್ತವೆ.

ಇಲ್ಲೊಂದು ತಮಾಷೆ ಇದೆ. ಬಾಳೆಯ ತಿರುಳಿನಲ್ಲಿ ಕೈಟಿನೇಸ್‌ನಂತೆಯೇ ಕಾಣುವ ಒಂದು ಪ್ರೋಟೀನು ಹೇರಳವಾಗಿದೆ, ಆದರೆ ಕೈಟಿನ್ ಕತ್ತರಿಸಲು ಅದಕ್ಕೆ ಬಾರದು. ಕಾಯಿಯಲ್ಲಿ ತುಂಬಿಕೊಂಡು, ಹಣ್ಣಾಗುವಾಗ ಕರಗುತ್ತದೆ. ವೇಷ ಪೋಲೀಸಿನದು, ಕೆಲಸ ಕಣಜದ್ದು. ಮತ್ತೆ, ಹಣ್ಣಿನ ಕಾವಲಿನಿಂದ ಬೇರಿಗೆ ರಕ್ಷಣೆಯಿಲ್ಲ. ರಸಬಾಳೆಯ ತೋಟಗಳನ್ನು ಹಾಳುಮಾಡಿದ ಪನಾಮಾ ಸೊರಗು ರೋಗದ ಶಿಲೀಂಧ್ರ ಮಣ್ಣಿನಿಂದ, ಬೇರಿನ ಮೂಲಕ ಹತ್ತುವಂಥದು. ಅಪ್ಪನ ಅಂಗಡಿಗೆ ರಸಬಾಳೆ ಬರುವುದು ಕಡಿಮೆಯಾಗಿ, ಕೊನೆಗೆ ಏಲಕ್ಕಿ, ಪಚ್ಚಬಾಳೆ ಮಾತ್ರ ಉಳಿಯಿತು.

ಈಗ ನನ್ನ ತಪ್ಪಿಗೆ ಬರುತ್ತೇನೆ. ತಂಗಿ ನರ್ಸ್ ಆದಳು. ಒಂದು ಗೌರಿ ಹಬ್ಬಕ್ಕೆ ಮನೆಗೆ ಬಂದವಳು ರಸಾಯನ ಮುಟ್ಟಲಿಲ್ಲ. ‘ಬಾಳೆಹಣ್ಣು ತಿಂದರೆ ಗಂಟಲು ನವೆಯಾಗುತ್ತೆ ಅಕ್ಕ’ ಅಂದಳು. ಅಮ್ಮನಿಗೆ ಬೇಜಾರಾಯಿತು: ಸಂಬಳ ಬಂದಮೇಲೆ ಅಪ್ಪ ಮಾರಿದ ಹಣ್ಣೇ ಬೇಡವಾಯಿತಾ ಎಂದು. ನಾನು ಓದಿದವಳು, ನಡುವೆ ಬಾಯಿ ಹಾಕಿದೆ. ‘ಹುಟ್ಟಿದ ಮಗುವಿಗೆ ಮೊದಲು ಕೊಡುವ ಹಣ್ಣು ಕಣೇ ಇದು, ಇದಕ್ಕೆ ಯಾರಿಗಾದರೂ ಅಲರ್ಜಿ ಆಗುತ್ತಾ? ತಿನ್ನು, ಅಮ್ಮ ನೊಂದ್ಕೋತಾರೆ’ ಅಂದೆ. ಅವಳು ನನ್ನ ಮುಖ ನೋಡಿ ಎರಡು ಚಮಚ ತಿಂದಳು. ಹತ್ತು ನಿಮಿಷದಲ್ಲಿ ತುಟಿ ಊದಿತು, ಮೈಯೆಲ್ಲ ದದ್ದು, ಉಸಿರು ಎಳೆಯತೊಡಗಿದಳು. ಆಟೋದಲ್ಲಿ ಆಸ್ಪತ್ರೆ ಮುಟ್ಟುವವರೆಗೆ ಅವಳ ಕೈ ಹಿಡಿದುಕೊಂಡಿದ್ದೆ. ಇಂಜೆಕ್ಷನ್ ಕೊಟ್ಟಮೇಲೆ ಉಳಿದಳು.

ಅಲರ್ಜಿ ತಜ್ಞರು ಅವಳಿಗೆ ಮೊದಲು ಕೇಳಿದ್ದು ಬಾಳೆಹಣ್ಣಿನ ವಿಷಯವಲ್ಲ. ‘ಕೈಗೆ ಗ್ಲೌಸ್ ಹಾಕಿಕೊಂಡರೆ ನವೆ ಬರುತ್ತಾ?’ ಬರುತ್ತಿತ್ತು. ಸೋಪಿನದಿರಬೇಕು ಎಂದು ಅವಳು ಸುಮ್ಮನಿದ್ದಳು.

ಸುಳ್ಯದ ಕಡೆ ರಬ್ಬರ್ ತೋಟ ನೋಡಿದ್ದೀರಲ್ಲ, ಆ ಮರದ ಹಾಲಿನಲ್ಲಿ ಹೆವೀನ್ ಎಂಬ ಪುಟ್ಟ ಪ್ರೋಟೀನು ಇದೆ, 43 ಅಮೈನೋ ಆಮ್ಲಗಳದು. ಅದೂ ಗಿಡದ ಕಾವಲಿನವನೇ. ಬಾಳೆಯ ಒಂದು ಬಗೆಯ ಕೈಟಿನೇಸಿನ ತುದಿಯಲ್ಲಿ ಹೆಚ್ಚುಕಡಿಮೆ ಅದೇ ತುಣುಕು ಅಂಟಿಕೊಂಡಿದೆ. ರಬ್ಬರ್ ಗ್ಲೌಸು ಹಾಕಿ ಹಾಕಿ ತಂಗಿಯ ದೇಹ ಹೆವೀನನ್ನು ಶತ್ರುವೆಂದು ಗುರುತಿಟ್ಟುಕೊಂಡಿತ್ತು. ಬಾಳೆಹಣ್ಣಿನಲ್ಲಿ ಅದೇ ಮುಖ ಕಂಡು ಎದ್ದು ನಿಂತಿತು. ಬೆಣ್ಣೆಹಣ್ಣು, ಕಿವಿ ಹಣ್ಣಿನಿಂದಲೂ ಇಂಥವರಿಗೆ ತೊಂದರೆಯಾಗಬಹುದು. 1994ರಲ್ಲಿ ಸ್ಪೇನಿನ ವೈದ್ಯರು ಇದನ್ನು ವಿವರವಾಗಿ ಬರೆದಿದ್ದರು, ಲ್ಯಾಟೆಕ್ಸ್-ಹಣ್ಣು ಸಿಂಡ್ರೋಮ್ ಎನ್ನುತ್ತಾರೆ. ತರಗತಿಯಲ್ಲಿ ಎಥಿಲೀನ್ ಪಾಠ ಮಾಡುತ್ತಿದ್ದ ನನಗೆ ಇದು ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಇಲ್ಲವೇ ಇಲ್ಲ ಎಂದುಬಿಟ್ಟಿದ್ದೆ.

ಬಾಳೆಹಣ್ಣಿನ ಮೇಲೆ ದೂರು ಹೊರಿಸಿದೆ ಎಂದುಕೊಳ್ಳಬೇಡಿ. ನಾನು ಇವತ್ತು ಬೆಳಿಗ್ಗೆಯೂ ಎರಡು ತಿಂದು ಬಂದೆ. ಬಹುಪಾಲು ಜನಕ್ಕೆ ಅದರಿಂದ ಏನೂ ಆಗುವುದಿಲ್ಲ. ಆದರೆ ಬಾಯಿ, ಗಂಟಲು ನವೆ ಎಂದು ಯಾವ ಮಗುವಾದರೂ ಹೇಳಿದರೆ ಮನೆಯಲ್ಲಿ ತಿನ್ನಿಸಿ ಪರೀಕ್ಷೆ ಮಾಡಬೇಡಿ, ವೈದ್ಯರಿಗೆ ತೋರಿಸಿ.

ಇನ್ನು ಸ್ವಲ್ಪ ಹೊತ್ತಿಗೆ ಊಟ. ಅಡುಗೆಯಲ್ಲಿ ರಸಾಯನ ಇದೆ ಎಂದು ಕೇಳಿದೆ. ಬಡಿಸುವ ಮಕ್ಕಳಲ್ಲಿ ಒಂದು ಮಾತು: ಮೂರನೆಯ ಸಾಲಿನ ತುದಿಯಲ್ಲಿ ಹಸಿರು ಸೀರೆ ಉಟ್ಟು ಕೂತಿರುವವಳು ನನ್ನ ತಂಗಿ. ಅವಳು ಬೇಡ ಅಂದರೆ ಒತ್ತಾಯ ಮಾಡಬೇಡಿ.